ದೊಡ್ಡ ಹೆಸರು, ಒಳಗಿನ ನಡೆ

ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ಗೋನೆಗಂಡ್ಲ, ಕೋಸಿಗಿ, ಪತ್ತಿಕೊಂಡ ಸೀಮೆಯ ಊರುಗಳಿಂದ ಕುಟುಂಬಗಳು ಗುಂಟೂರಿನತ್ತ ಹೊರಡುತ್ತವೆ. ಇದಕ್ಕೆ ಈ ಸೀಮೆಯಲ್ಲಿ ‘ಸುಗ್ಗಿಗೆ ಹೋಗುವುದು’ ಎಂದೇ ಹೆಸರು. ಹೊರಡುವ ಮುನ್ನ ಮನೆಯ ಹಿರಿಯರು ಮೇಸ್ತ್ರಿಯ ಕುರಿತು ವಿಚಾರಿಸುವ ರೀತಿಯನ್ನು ಗಮನಿಸಬೇಕು. ಕಳೆದ ವರ್ಷ ಇವನ ಜೊತೆ ಹೋದವರು ಯಾರು, ಕೂಲಿ ವಾರವಾರ ಕೈಗೆ ಬಂತೇ, ತೂಕದಲ್ಲಿ ಮೋಸವಿತ್ತೇ, ಗುಡಿಸಲಿನ ಬಳಿ ಕುಡಿಯುವ ನೀರಿತ್ತೇ, ಹೆಂಗಸರಿಗೆ ಮರೆ ಇತ್ತೇ, ಒಬ್ಬಳಿಗೆ ಜ್ವರ ಬಂದಾಗ ಆಸ್ಪತ್ರೆಗೆ ಒಯ್ದನೇ ಅಥವಾ ಆ ದಿನದ ಕೂಲಿ ಹಿಡಿದನೇ, ಮರಳಿ ಬರುವ ಬಸ್ಸಿನ ಖರ್ಚು ಯಾರದು. ಅಕ್ಷರ ಬಾರದ ಅಜ್ಜಿಯೂ ಈ ಪ್ರಶ್ನೆಗಳನ್ನು ಒಂದರ ಹಿಂದೊಂದು ಕೇಳುತ್ತಾಳೆ. ಉತ್ತರ ಸರಿಯೆನಿಸದಿದ್ದರೆ ಮುಂಗಡ ಎಷ್ಟೇ ದೊಡ್ಡದಾದರೂ ಆ ಮೇಸ್ತ್ರಿಯ ಗಾಡಿಯನ್ನು ಹತ್ತುವುದಿಲ್ಲ.

ವಿಚಿತ್ರವೆಂದರೆ, ಅದೇ ಮನೆಯ ಮಗನೋ ಮಗಳೋ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಐಟಿಐಯನ್ನೋ ಡಿಪ್ಲೊಮಾವನ್ನೋ ಪದವಿಯನ್ನೋ ಪಡೆದು, ಬೆಂಗಳೂರಿನ ಅಥವಾ ಹೈದರಾಬಾದಿನ ಒಂದು ಕಂಪನಿಯಿಂದ ನೇಮಕದ ಕರೆ ಬಂದಾಗ ಈ ಪ್ರಶ್ನೆಗಳೆಲ್ಲ ಮಾಯವಾಗುತ್ತವೆ. ಕಂಪನಿಯ ಹೆಸರು ಕಿವಿಗೆ ಬಿದ್ದೊಡನೆ ಮನೆ ಹಿಗ್ಗುತ್ತದೆ. ಸಂಬಳ ಎಷ್ಟು ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ಸುಗ್ಗಿಯ ಮೇಸ್ತ್ರಿಯನ್ನು ತೂಗಿದ ತಕ್ಕಡಿಯನ್ನು ಕಾಚಿನ ಗೋಡೆಯ ಕಟ್ಟಡದೊಳಗಿನ ಮೇಸ್ತ್ರಿಗೆ ಹಿಡಿಯಲು ಸಂಕೋಚ. ಕೆಲಸ ಕೊಡುವವರು ದೊಡ್ಡವರು, ಅವರನ್ನು ಪ್ರಶ್ನಿಸಿದರೆ ಬಂದ ಭಾಗ್ಯ ಕೈತಪ್ಪೀತು ಎಂಬ ಅಂಜಿಕೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಟ್ಟವರೇ ಆ ಹೊತ್ತಿಗೆ ಅದನ್ನು ಮರೆಯುತ್ತಾರೆ.

ಈ ಮರೆವಿಗೆ ತೆತ್ತ ಬೆಲೆಯನ್ನು ನೆರೆಯ ಕೋಲಾರ ಜಿಲ್ಲೆ ಕಣ್ಣಾರೆ ಕಂಡಿದೆ.

ನರಸಾಪುರದ ಪಾಠ

ಬೆಂಗಳೂರಿನಿಂದ ಪೂರ್ವಕ್ಕೆ, ಕೋಲಾರದ ಹಾದಿಯಲ್ಲಿರುವ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯು ಆ್ಯಪಲ್ ಸಂಸ್ಥೆಗಾಗಿ ಐಫೋನ್‌ಗಳನ್ನು ಜೋಡಿಸುವ ಕಾರ್ಖಾನೆಯನ್ನು ನಡೆಸುತ್ತಿತ್ತು. ಜಗತ್ತಿನಲ್ಲಿ ಇದಕ್ಕಿಂತ ಹೊಳೆಯುವ ಹೆಸರು ಇನ್ನೊಂದಿಲ್ಲ ಎನ್ನಬಹುದು. ಸುತ್ತಲಿನ ಜಿಲ್ಲೆಗಳ ಯುವಕ ಯುವತಿಯರು ಅಲ್ಲಿ ಸೇರಿದರು. 2020ರ ಡಿಸೆಂಬರ್ 12ರ ಬೆಳಗಿನ ಜಾವ, ಪಾಳಿ ಬದಲಾಗುವ ಹೊತ್ತಿನಲ್ಲಿ, ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಗಾಜುಗಳು ಒಡೆದವು, ವಾಹನಗಳು ಉರುಳಿದವು, ಕಂಪ್ಯೂಟರು ಪೀಠೋಪಕರಣಗಳು ನುಚ್ಚುನೂರಾದವು. ಕಂಪನಿಯು ಪೊಲೀಸರಿಗೆ ನೀಡಿದ ದೂರಿನಲ್ಲಿ ನಷ್ಟವನ್ನು 437 ಕೋಟಿ ರೂಪಾಯಿ ಎಂದು ತಿಳಿಸಿತು. ಕೆಲವೇ ದಿನಗಳಲ್ಲಿ ತೈವಾನಿನ ಷೇರು ವಿನಿಮಯ ಕೇಂದ್ರಕ್ಕೆ ಕೊಟ್ಟ ಲೆಕ್ಕದಲ್ಲಿ ಅದು ಐವತ್ತು ಕೋಟಿಯ ಆಸುಪಾಸಿಗೆ ಇಳಿಯಿತು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಮನೆಗೆ ಮೊದಲ ಸಂಬಳ ತಂದ ಹುಡುಗರ ಹೆಸರುಗಳು ಠಾಣೆಯ ಕಡತ ಸೇರಿದವು.

ಸಿಟ್ಟಿನ ಮೂಲ ಯಾವುದು? ಇಂಜಿನಿಯರಿಂಗ್ ಪದವೀಧರರಿಗೆ ತಿಂಗಳಿಗೆ 21,000 ರೂಪಾಯಿ ಎಂದು ಹೇಳಿ ಸೇರಿಸಿಕೊಂಡು, ಕೈಗೆ ಬಂದದ್ದು 16,000, ಆಮೇಲೆ 12,000 ಎಂದು ಕಾರ್ಮಿಕರು ದೂರಿದ್ದನ್ನು ಆಗಿನ ಪತ್ರಿಕೆಗಳು ವರದಿ ಮಾಡಿದವು. ಇತರ ಪದವೀಧರರಿಗೆ ಎಂಟು ಸಾವಿರಕ್ಕೆ ಇಳಿದಿತ್ತೆಂಬ ದೂರೂ ಇತ್ತು. ಕರ್ನಾಟಕದ ಕಾರ್ಖಾನೆಗಳ ಇಲಾಖೆಯ ತಪಾಸಣೆ ಕಂಡದ್ದು ಇನ್ನೂ ಆಳದ ಸಂಗತಿ. ಕಂಪನಿಯು ಅಲ್ಪ ಕಾಲದಲ್ಲಿ ತನ್ನ ಕಾರ್ಮಿಕರ ಸಂಖ್ಯೆಯನ್ನು 5,000ದಿಂದ 10,500ಕ್ಕೆ ಏರಿಸಿಕೊಂಡಿತ್ತು. ಅವರ ಹಾಜರಿ, ಸಂಬಳ, ರಜೆಗಳ ಲೆಕ್ಕ ಇಡಬೇಕಾದ ವಿಭಾಗಕ್ಕೆ ಕಾರ್ಮಿಕ ಕಾನೂನು ಬಲ್ಲವರ ಬಲವೇ ಇರಲಿಲ್ಲ. ಎಂಟು ಗಂಟೆಯ ಪಾಳಿಗಳನ್ನು ಹನ್ನೆರಡು ಗಂಟೆಗೆ ಬದಲಿಸಿದಾಗ ಹಾಜರಿಯ ಲೆಕ್ಕ ತಾಳ ತಪ್ಪಿತು, ಹೆಚ್ಚುವರಿ ದುಡಿಮೆಯ ಹಣ ಸೇರಬೇಕಾದವರಿಗೆ ಸೇರಲಿಲ್ಲ. ಕಾರ್ಮಿಕರಲ್ಲಿ ಬಹುಪಾಲು ಜನ ವಿಸ್ಟ್ರಾನಿನ ನೌಕರರೇ ಅಲ್ಲ, ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಸಂಬಳ ಕಡಿಮೆಯಾಯಿತೆಂದು ಮೇಲ್ವಿಚಾರಕನನ್ನು ಕೇಳಿದರೆ ಏಜೆನ್ಸಿಯ ಕಡೆ ಕೈ ತೋರಿಸುತ್ತಾನೆ. ಏಜೆನ್ಸಿಯವನು ಕಂಪನಿಯ ಕಡೆ ಬೆರಳು ತೋರಿಸುತ್ತಾನೆ.

ಒಂದು ವಾರದೊಳಗೆ ವಿಸ್ಟ್ರಾನ್ ತಪ್ಪೊಪ್ಪಿಕೊಂಡಿತು. ಕೆಲವು ಕಾರ್ಮಿಕರಿಗೆ ಸರಿಯಾದ ಸಂಬಳ ಸಕಾಲಕ್ಕೆ ಸಂದಿಲ್ಲವೆಂದು ಹೇಳಿ ಕ್ಷಮೆ ಕೋರಿತು, ಭಾರತದ ವ್ಯವಹಾರದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಡಿಸೆಂಬರ್ 19ರಂದು ಆ್ಯಪಲ್ ಆ ಕಂಪನಿಯನ್ನು ಪರೀಕ್ಷಾವಧಿಯಲ್ಲಿ ಇರಿಸಿ, ಲೋಪಗಳು ಸರಿಯಾಗುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದಿತು. ಮರುವರ್ಷ ಕಾರ್ಖಾನೆ ಮತ್ತೆ ತೆರೆಯಿತು. 2023ರ ಅಕ್ಟೋಬರಿನಲ್ಲಿ ಅದನ್ನು ಟಾಟಾ ಸಮೂಹವು 12.5 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದವಾಯಿತು.

ಫೋನಿನ ಬೆನ್ನ ಮೇಲಿನ ಗುರುತು ಆ್ಯಪಲ್‌ನದು, ಕಟ್ಟಡದ ಮೇಲಿನ ಹೆಸರು ವಿಸ್ಟ್ರಾನಿನದು, ಸಂಬಳದ ಚೀಟಿಯ ಮೇಲಿನ ಮುದ್ರೆ ಯಾವುದೋ ಏಜೆನ್ಸಿಯದು. ಕೆಲಸಕ್ಕೆ ಸೇರುವವರು ಈ ಮೂರರಲ್ಲಿ ಮೊದಲನೆಯದನ್ನು ನಂಬಿ ಬರುತ್ತಾರೆ, ಬಾಳಬೇಕಾದದ್ದು ಮೂರನೆಯದರೊಂದಿಗೆ. ಆದುದರಿಂದ ನೇಮಕದ ಪತ್ರ ಕೈಗೆ ಬಂದೊಡನೆ ನೋಡಬೇಕಾದ ಮೊದಲ ಸಂಗತಿ ಸಂಬಳವಲ್ಲ, ಸಹಿ. ಸಹಿ ಹಾಕಿದವರು ಯಾವ ಸಂಸ್ಥೆಯವರು? ಕಂಪನಿಯೋ ಗುತ್ತಿಗೆದಾರನೋ? ಗುತ್ತಿಗೆಯ ಕೆಲಸವೆಂದಾಕ್ಷಣ ಬೇಡವೆನ್ನಬೇಕಿಲ್ಲ. ಗುತ್ತಿಗೆದಾರನು ಸಂಬಳ ಕೊಡದೆ ಹೋದರೆ ಮೂಲ ಕಂಪನಿಯೇ ಕೊಡಬೇಕೆಂಬುದನ್ನು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು, ಹೊಸ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಉಳಿಸಿಕೊಂಡಿದೆ. ಆದರೆ ಹಕ್ಕು ಕೇಳಲು ಯಾರ ಬಾಗಿಲು ತಟ್ಟಬೇಕೆಂದು ಮೊದಲೇ ತಿಳಿದಿರಬೇಕು.

ಹಾಸ್ಟೆಲಿನ ಅನ್ನ

ಹೆಣ್ಣುಮಕ್ಕಳನ್ನು ಕಳುಹಿಸುವ ಮನೆಗಳಿಗೆ ನರಸಾಪುರಕ್ಕಿಂತ ಶ್ರೀಪೆರುಂಬುದೂರಿನ ಕಥೆ ಹೆಚ್ಚು ಮುಟ್ಟಬೇಕು. ಚೆನ್ನೈ ಸಮೀಪದ ಆ ಊರಿನಲ್ಲಿ ಫಾಕ್ಸ್‌ಕಾನ್ ಕಂಪನಿಯೂ ಐಫೋನ್ ಜೋಡಿಸುತ್ತದೆ. ದುಡಿಯುವವರಲ್ಲಿ ಬಹುಪಾಲು ಯುವತಿಯರು. 2021ರ ಡಿಸೆಂಬರಿನಲ್ಲಿ ಒಂದು ಹಾಸ್ಟೆಲಿನ ಊಟ ಸೇವಿಸಿದ 250ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. 159 ಮಂದಿ ಆಸ್ಪತ್ರೆ ಸೇರಿದರು. ಗೆಳತಿಯರ ಸುದ್ದಿ ಯಾರೂ ಸರಿಯಾಗಿ ಹೇಳದಿದ್ದಾಗ, ಸತ್ತೇ ಹೋಗಿದ್ದಾರೆಂಬ ವದಂತಿ ಹಬ್ಬಿ, ಯುವತಿಯರು ಚೆನ್ನೈ–ಬೆಂಗಳೂರು ಹೆದ್ದಾರಿಯ ಮೇಲೆ ಬಂದು ಕುಳಿತರು. ವದಂತಿ ಸುಳ್ಳಾಗಿತ್ತು. ಹಾಸ್ಟೆಲಿನ ಸ್ಥಿತಿ ಮಾತ್ರ ಸುಳ್ಳಾಗಿರಲಿಲ್ಲ. ಒಂದೇ ಕೋಣೆಯಲ್ಲಿ ಹಲವರು, ನೆಲದ ಮೇಲೆ ಮಲಗುವುದು, ನೀರಿಲ್ಲದ ಶೌಚಾಲಯ ಎಂಬ ವಿವರಗಳು ಆಗ ಬೆಳಕಿಗೆ ಬಂದವು. ಆ್ಯಪಲ್ ಈ ಕಾರ್ಖಾನೆಯನ್ನೂ ಪರೀಕ್ಷಾವಧಿಗೆ ಒಳಪಡಿಸಿತು. ಹಲವು ದಿನ ಮುಚ್ಚಿದ್ದ ಕಾರ್ಖಾನೆ 2022ರ ಜನವರಿ 12ರಂದು ತೆರೆಯಿತು.

ಕಾರ್ಖಾನೆಯೊಳಗೆ ಧೂಳಿನ ಒಂದು ಕಣವೂ ಬೀಳದಂತೆ ಗಾಳಿಯನ್ನು ಸೋಸುವ ವ್ಯವಸ್ಥೆ ಇತ್ತು, ಅದೇ ಕಾರ್ಮಿಕರ ತಟ್ಟೆಯ ಅನ್ನವನ್ನು ನೋಡುವವರಿರಲಿಲ್ಲ. ಕಂಪನಿಯೊಂದರ ಮೌಲ್ಯ ಯಾವುದೆಂದು ಅರಿಯಲು ಇದಕ್ಕಿಂತ ಸ್ಪಷ್ಟವಾದ ಅಳತೆ ಬೇಕೇ? ಈಗ ಫಾಕ್ಸ್‌ಕಾನ್ ಬೆಂಗಳೂರಿನ ದೇವನಹಳ್ಳಿಯ ಬಳಿಯೂ ಬೃಹತ್ ಕಾರ್ಖಾನೆ ತೆರೆದಿದೆ, ಅಲ್ಲಿಯೂ ಯುವತಿಯರಿಗೇ ಹೆಚ್ಚು ಬೇಡಿಕೆ. ಆದೋನಿ, ಎಮ್ಮಿಗನೂರು ಕಡೆಯ ಹೆಣ್ಣುಮಕ್ಕಳಿಗೂ ಅದು ಒಂದು ರಾತ್ರಿಯ ಪಯಣದ ದೂರ. ಹಳೆಯ ಘಟನೆಯಿಂದ ಒಂದು ಕಂಪನಿ ತಿದ್ದಿಕೊಂಡಿರಬಹುದು; ಶ್ರೀಪೆರುಂಬುದೂರಿನಲ್ಲಿ ಕಾರ್ಮಿಕರಿಗೆಂದೇ ದೊಡ್ಡ ವಸತಿ ಸಮುಚ್ಚಯ ಎದ್ದಿತು. ಆದರೆ 2024ರಲ್ಲಿ ಅದೇ ಕಾರ್ಖಾನೆಯಲ್ಲಿ ವಿವಾಹಿತೆಯರನ್ನು ನೇಮಕದಿಂದ ದೂರವಿಡಲಾಗುತ್ತಿದೆ ಎಂಬ ವರದಿ ಬಂದು, ಕೇಂದ್ರ ಸರ್ಕಾರ ತಮಿಳುನಾಡಿನಿಂದ ವಿವರಣೆ ಕೇಳಿತು. ಕಂಪನಿ ಆರೋಪವನ್ನು ನಿರಾಕರಿಸಿತು. ಹೀಗಿರುವಾಗ ಹೋಗಬೇಕೋ ಬೇಡವೋ ಎಂಬುದನ್ನು ಕಂಪನಿಯ ಹೆಸರು ತೀರ್ಮಾನಿಸಲಾರದು. ಸೇರುವ ಮೊದಲು ತಂದೆಯೋ ತಾಯಿಯೋ ಜೊತೆಗೆ ಹೋಗಿ ಹಾಸ್ಟೆಲಿನ ಒಳಗೆ ಕಾಲಿಟ್ಟು, ಒಂದು ಹೊತ್ತು ಅಲ್ಲಿಯೇ ಉಂಡು ಬರುವುದಾದರೆ ಅದಕ್ಕಿಂತ ದೊಡ್ಡ ವಿಚಾರಣೆ ಇನ್ನೊಂದಿಲ್ಲ. ಪಾಲಕರನ್ನು ಒಳಗೆ ಬಿಡಲು ಒಪ್ಪದ ಹಾಸ್ಟೆಲು, ಬಿಡದೆಯೇ ಉತ್ತರ ಕೊಟ್ಟಂತಾಯಿತು.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ಲೈಂಗಿಕ ಕಿರುಕುಳದ ದೂರುಗಳನ್ನು ಆಲಿಸಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ವಿಧಿಸುತ್ತದೆ. ಅದರ ಅಧ್ಯಕ್ಷತೆ ಮಹಿಳೆಯದು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಸಂದರ್ಶನದ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ ಬಹುತೇಕ ಮಕ್ಕಳು ತಲೆ ಅಲ್ಲಾಡಿಸಿ ಎದ್ದು ಬರುತ್ತಾರೆ. ಸಮಿತಿಯ ಅಧ್ಯಕ್ಷೆ ಯಾರೆಂದು ಮಗಳು ವಿನಯದಿಂದ ಕೇಳಬಹುದು. ಅಲ್ಲಿ ಕುಳಿತವರು ತಕ್ಷಣ ಹೆಸರು ಹೇಳುತ್ತಾರೋ ಪರಸ್ಪರ ಮುಖ ನೋಡಿಕೊಳ್ಳುತ್ತಾರೋ, ಅದೂ ಒಂದು ಉತ್ತರವೇ.

ಪ್ರಶಸ್ತಿಯ ಮರೆಯಲ್ಲಿ

ಖ್ಯಾತಿ ಎಂಬುದು ಕಾರ್ಖಾನೆಯ ಕೆಲಸಗಳಲ್ಲಷ್ಟೇ ಮೋಸ ಮಾಡುತ್ತದೆ ಎಂದು ತಿಳಿಯಬಾರದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಒಂದು ಕಾಲಕ್ಕೆ ಆಂಧ್ರದ ಪ್ರತಿ ಮನೆಯ ಕನಸು. ಅದರ ಸ್ಥಾಪಕರ ದಾನದಿಂದ ಮೊದಲ್ಗೊಂಡ 108 ಆ್ಯಂಬುಲೆನ್ಸ್ ಸೇವೆ ಇಂದಿಗೂ ಹಳ್ಳಿಹಳ್ಳಿಗಳಲ್ಲಿ ಜೀವ ಉಳಿಸುತ್ತಿದೆ. ಆ ಪುಣ್ಯವನ್ನು ಅಲ್ಲಗಳೆಯಲಾಗದು. 2008ರ ಸೆಪ್ಟೆಂಬರಿನಲ್ಲಿ ಆ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಎಂಬ ಜಾಗತಿಕ ಪ್ರಶಸ್ತಿ ಬಂತು. ನಾಲ್ಕು ತಿಂಗಳು ಕಳೆದು, 2009ರ ಜನವರಿ 7ರಂದು, ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ಲೆಕ್ಕಪತ್ರಗಳಲ್ಲಿ ಸಾವಿರಾರು ಕೋಟಿ ರೂಪಾಯಿಗಳನ್ನು ಇಲ್ಲದೆಯೇ ಇದೆಯೆಂದು ತೋರಿಸಿದ್ದಾಗಿ ಬರೆದು ಕೊಟ್ಟರು. ಐವತ್ತು ಸಾವಿರಕ್ಕೂ ಹೆಚ್ಚು ನೌಕರರು ಆ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋಗಿದ್ದವರು. ಸರ್ಕಾರ ಹೊಸ ಆಡಳಿತ ಮಂಡಳಿಯನ್ನು ನೇಮಿಸಿ, ಏಪ್ರಿಲಿನಲ್ಲಿ ಟೆಕ್ ಮಹೀಂದ್ರಾ ಅದನ್ನು ವಹಿಸಿಕೊಂಡದ್ದರಿಂದ ಕಂಪನಿ ಉಳಿಯಿತು. ಆ ತಿಂಗಳುಗಳಲ್ಲಿ ಗೃಹಸಾಲದ ಕಂತು ಕಟ್ಟಬೇಕಾದ ಮನೆಗಳ ನಿದ್ದೆ ಕೆಟ್ಟದ್ದನ್ನು ಯಾವ ಪ್ರಶಸ್ತಿಯೂ ತಡೆಯಲಿಲ್ಲ.

ನೇಮಕದ ಪತ್ರವೇ ಕೆಲಸವಲ್ಲ ಎಂಬುದು ಇತ್ತೀಚಿನ ವರ್ಷಗಳ ಅನುಭವ. 2023ರ ಆರಂಭದಲ್ಲಿ ವಿಪ್ರೊ, ವರ್ಷಕ್ಕೆ ಆರೂವರೆ ಲಕ್ಷದ ನೇಮಕ ಪಡೆದು ಕಾಯುತ್ತಿದ್ದ ಹೊಸಬರಿಗೆ ಮೂರೂವರೆ ಲಕ್ಷಕ್ಕೆ ಬರಲು ಒಪ್ಪುವಿರಾ ಎಂದು ಕೇಳಿತು. ಇನ್ಫೊಸಿಸ್‌ನಿಂದ 2022ರಲ್ಲಿ ನೇಮಕದ ಪತ್ರ ಪಡೆದ ಕೆಲವರು ಎರಡು ವರ್ಷಕ್ಕೂ ಮಿಕ್ಕಿ ಕಾದು, 2024ರ ಅಕ್ಟೋಬರಿನಲ್ಲಿ ಮೈಸೂರಿನ ತರಬೇತಿ ಆವರಣ ಸೇರಿದರು. 2025ರ ಫೆಬ್ರವರಿಯಲ್ಲಿ ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು, ಆಂತರಿಕ ಪರೀಕ್ಷೆಯಲ್ಲಿ ಮೂರು ಸಲ ಉತ್ತೀರ್ಣರಾಗಲಿಲ್ಲವೆಂಬ ಕಾರಣ ಕೊಟ್ಟು ಮನೆಗೆ ಕಳುಹಿಸಲಾಯಿತು. ಒಪ್ಪಂದದಲ್ಲಿ ಇದೆಲ್ಲ ಸ್ಪಷ್ಟವಾಗಿಯೇ ಇತ್ತೆಂಬುದು ಕಂಪನಿಯ ನಿಲುವು; ಕಾರ್ಮಿಕ ಇಲಾಖೆಯ ವಿಚಾರಣೆಯಲ್ಲಿಯೂ ಕಾನೂನಿನ ಉಲ್ಲಂಘನೆ ಕಂಡುಬಂದಿಲ್ಲವೆಂದು ವರದಿಯಾಯಿತು. ಕಾನೂನಿಗೆ ಸರಿಯಾದದ್ದೆಲ್ಲ ನಡತೆಗೆ ಸರಿಯೇ ಎಂಬುದು ಬೇರೆ ಪ್ರಶ್ನೆ. ಪಾಲಕರಿಗೆ ಇದರಿಂದ ತಿಳಿಯಬೇಕಾದದ್ದು, ಒಪ್ಪಂದದ ಪುಟಗಳಲ್ಲಿ ‘ತರಬೇತಿ’ ಎಂಬ ಮಾತು ಎಲ್ಲಿದೆಯೋ ಆ ಪುಟವನ್ನು ಎರಡು ಸಲ ಓದಬೇಕೆಂಬುದು. ಎಷ್ಟು ತಿಂಗಳು, ಎಷ್ಟು ಪರೀಕ್ಷೆ, ಸೋತರೆ ಏನು, ಆ ಅವಧಿಯ ಸಂಬಳ ಎಷ್ಟು?

ಎಲ್ಲ ಕಂಪನಿಗಳನ್ನೂ ಅನುಮಾನದಿಂದಲೇ ನೋಡಬೇಕೆಂದು ಇದರ ಅರ್ಥವಲ್ಲ. ದುಡಿಯುವವರನ್ನು ಗೌರವದಿಂದ ಕಂಡ ಸಂಸ್ಥೆಗಳು ಈ ನೆಲಕ್ಕೆ ಹೊಸತೇನಲ್ಲ. ಗೋನೆಗಂಡ್ಲದ ಮಗ್ಗುಲಿನ ಎಮ್ಮಿಗನೂರಿನಲ್ಲಿಯೇ 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಸಾಲದ ನೂಲಿಗೆ ಸಿಕ್ಕಿ ನೇಯುವ ನೇಕಾರನನ್ನು ಸಂಘದ ಸದಸ್ಯನನ್ನಾಗಿ ಕೂಡಿಸುವುದು ಸಹಕಾರದ ಅರ್ಥ. ಪದ್ಮ ಪ್ರಶಸ್ತಿಗಳು ಮೊದಲ್ಗೊಂಡ 1954ರಲ್ಲಿಯೇ ಅವರಿಗೆ ಪದ್ಮಶ್ರೀ ಸಂದಿತು. ದೂರದ ಜಮ್ಶೆಡ್‌ಪುರದಲ್ಲಿ ಟಾಟಾ ಉಕ್ಕಿನ ಕಾರ್ಖಾನೆಯು 1912ರಲ್ಲಿಯೇ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನೂ 1920ರಲ್ಲಿ ಸಂಬಳಸಹಿತ ರಜೆ ಮತ್ತು ಭವಿಷ್ಯ ನಿಧಿಯನ್ನೂ ಜಾರಿಗೆ ತಂದಿತ್ತು. ಕಾನೂನು ಇವನ್ನು ಒತ್ತಾಯಿಸಿದ್ದು ಎಷ್ಟೋ ವರ್ಷಗಳ ಬಳಿಕ. ಆದರೂ ಅದೇ 1920ರ ದಶಕದಲ್ಲಿ ಅಲ್ಲಿ ದೊಡ್ಡ ಮುಷ್ಕರಗಳು ನಡೆದವು, ಅದೇ ಸಮೂಹದ ಟಿಸಿಎಸ್ 2025ರಲ್ಲಿ ಹನ್ನೆರಡು ಸಾವಿರದಷ್ಟು ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಬೆಂಗಳೂರಿನ ಎಚ್‌ಎಂಟಿಯ ಹೆಸರು ಹೇಳಿದರೆ ಒಂದು ತಲೆಮಾರಿನ ಕಣ್ಣು ಇಂದಿಗೂ ತೇವವಾಗುತ್ತದೆ. ವಸತಿ, ಶಾಲೆ, ಕ್ಯಾಂಟೀನು, ಬಸ್ಸು ಎಲ್ಲವೂ ಇದ್ದ ಆ ಸಂಸ್ಥೆಯ ಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ತಾತನ ಕಾಲದ ಒಳ್ಳೆಯ ಹೆಸರು ಮೊಮ್ಮಗನ ಕಾಲಕ್ಕೆ ಸಾಕ್ಷಿ ನುಡಿಯಲಾರದು.

ಮನೆಯಲ್ಲೇ ಕುಳಿತು ನೋಡಬಹುದಾದದ್ದು

ವಿಚಾರಿಸಬೇಕೆಂದರೆ ಪರಿಚಯದವರು ಬೇಕು, ಆದೋನಿಯ ಹುಡುಗನಿಗೆ ಬೆಂಗಳೂರಿನಲ್ಲಿ ಯಾರಿದ್ದಾರೆ ಎಂಬ ಮಾತು ಬರುತ್ತದೆ. ಇದು ಅರ್ಧ ಸತ್ಯ. ಕಾನೂನು ಕಂಪನಿಗಳಿಂದ ಬಲವಂತವಾಗಿ ಹೊರಗೆ ತರಿಸಿಟ್ಟಿರುವ ಮಾಹಿತಿ ಬಹಳವಿದೆ, ಅದನ್ನು ನೋಡಲು ಕಾಸು ಬೇಕಿಲ್ಲ.

ಮೊದಲು ಪತ್ರದ ತಲೆಬರಹ. ನೋಂದಾಯಿತ ಕಂಪನಿಯು ತನ್ನ ಪತ್ರಗಳ ಮೇಲೆ ಸಿಐಎನ್ ಎಂಬ ಗುರುತಿನ ಸಂಖ್ಯೆಯನ್ನು ಅಚ್ಚು ಹಾಕಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದರಲ್ಲಿ 21 ಅಕ್ಷರ ಮತ್ತು ಅಂಕಿಗಳಿರುತ್ತವೆ. ‘ಎಲ್’ನಿಂದ ಮೊದಲಾದರೆ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ, ‘ಯು’ನಿಂದ ಮೊದಲಾದರೆ ಪಟ್ಟಿಯಾಗದ್ದು. ಬಳಿಕದ ಐದು ಅಂಕಿಗಳು ಉದ್ಯಮದ ಬಗೆ, ಎರಡು ಅಕ್ಷರ ರಾಜ್ಯ, ನಾಲ್ಕು ಅಂಕಿ ಹುಟ್ಟಿದ ವರ್ಷ. ‘ಇಪ್ಪತ್ತೈದು ವರ್ಷಗಳ ಅನುಭವ’ ಎಂದು ಫಲಕ ಹಾಕಿಕೊಂಡ ಕಂಪನಿಯ ಸಂಖ್ಯೆಯಲ್ಲಿ ಹೋದ ವರ್ಷದ ಇಸವಿ ಕಂಡರೆ ಕಾರಣ ಕೇಳುವುದು ಸಹಜ. ಸಂಖ್ಯೆಯೇ ಇಲ್ಲದಿದ್ದರೆ ಅದು ಕಂಪನಿಯೇ ಆಗಿರಲಾರದು. ಪಾಲುದಾರಿಕೆಯ ಸಂಸ್ಥೆಯೋ ಒಬ್ಬನ ಅಂಗಡಿಯೋ ಇರಬಹುದು, ಬರಿಯ ಬಣ್ಣದ ಕಾಗದವೂ ಇರಬಹುದು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ನೋಡಿದರೆ ಕಂಪನಿ ಜೀವಂತವಾಗಿದೆಯೋ ಪಟ್ಟಿಯಿಂದ ತೆಗೆದುಹಾಕಲಾಗಿದೆಯೋ ತಿಳಿಯುತ್ತದೆ.

ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಭವಿಷ್ಯ ನಿಧಿ ಸಂಸ್ಥೆಯ ಜಾಲತಾಣ. ಅಲ್ಲಿ ಯಾವುದೇ ಸಂಸ್ಥೆಯ ಹೆಸರು ಹುಡುಕಿ, ಅದು ಯಾವ ತಿಂಗಳ ಪಿಎಫ್ ಹಣವನ್ನು ಯಾವ ದಿನ ಕಟ್ಟಿತು, ಎಷ್ಟು ಮಂದಿಯ ಪರವಾಗಿ ಕಟ್ಟಿತು ಎಂಬುದನ್ನು ನೋಡಬಹುದು. ಮುಗಿದ ತಿಂಗಳ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂಬುದು ನಿಯಮ. ತಿಂಗಳುಗಟ್ಟಲೆ ತಡ ಮಾಡುವ ಸಂಸ್ಥೆಯು ಸಂಬಳವನ್ನೂ ತಡ ಮಾಡುವುದಕ್ಕೆ ಬಹಳ ದೂರವಿಲ್ಲ. ಐನೂರು ಮಂದಿ ನಮ್ಮಲ್ಲಿದ್ದಾರೆ ಎನ್ನುವ ಕಂಪನಿ ಅರುವತ್ತು ಮಂದಿಗೆ ಮಾತ್ರ ಪಿಎಫ್ ಕಟ್ಟುತ್ತಿದ್ದರೆ ಉಳಿದವರು ಯಾರ ನೌಕರರು ಎಂದು ಕೇಳಬೇಕು. ಕೆಲಸಗಾರರ ಜೇಬಿನಿಂದ ಹಿಡಿದ ಹಣವನ್ನು ಸಕಾಲಕ್ಕೆ ಸಲ್ಲಿಸುವುದು ಮೌಲ್ಯಗಳ ಕುರಿತ ಯಾವ ಭಾಷಣಕ್ಕಿಂತಲೂ ನಂಬಿಕೆಗೆ ಅರ್ಹವಾದ ಮಾತು.

ಷೇರುಪೇಟೆಯ ಅತಿ ದೊಡ್ಡ ಸಾವಿರ ಕಂಪನಿಗಳು 2022–23ರಿಂದ ಸೆಬಿಯ ಆದೇಶದಂತೆ ಪ್ರತಿವರ್ಷ ತಮ್ಮ ಹೊಣೆಗಾರಿಕೆಯ ವರದಿಯನ್ನು ಪ್ರಕಟಿಸಬೇಕು. ವಾರ್ಷಿಕ ವರದಿಯ ಜೊತೆಗೇ ಇರುವ ಈ ಪುಟಗಳನ್ನು ಷೇರು ಕೊಳ್ಳುವವರು ಓದುತ್ತಾರೆ. ಕೆಲಸಕ್ಕೆ ಸೇರುವವರು ಓದುವುದೇ ಇಲ್ಲ. ಅಲ್ಲಿ ಕಾಯಂ ನೌಕರರೆಷ್ಟು, ಇತರರೆಷ್ಟು, ವರ್ಷದಲ್ಲಿ ನೂರಕ್ಕೆ ಎಷ್ಟು ಮಂದಿ ಬಿಟ್ಟು ಹೋದರು, ಕೆಲಸದ ವೇಳೆ ಎಷ್ಟು ಸಾವುನೋವು ಸಂಭವಿಸಿತು, ಲೈಂಗಿಕ ಕಿರುಕುಳದ ದೂರುಗಳೆಷ್ಟು, ಕೆಲಸದ ಪರಿಸ್ಥಿತಿಯ ಕುರಿತ ದೂರುಗಳೆಷ್ಟು ಎಂಬುದೆಲ್ಲ ಅಂಕಿಗಳಲ್ಲಿ ಇರುತ್ತದೆ. ದೂರು ಸೊನ್ನೆ ಎಂದಿದ್ದರೆ ಸಂತೋಷಪಡುವ ಮುನ್ನ ಸ್ವಲ್ಪ ನಿಲ್ಲಬೇಕು. ಹತ್ತು ಸಾವಿರ ಮಹಿಳೆಯರು ದುಡಿಯುವಲ್ಲಿ ವರ್ಷವಿಡೀ ಒಂದು ದೂರೂ ಇಲ್ಲವೆಂದರೆ, ಒಂದೋ ಅದು ಸ್ವರ್ಗ, ಇಲ್ಲವೇ ಅಲ್ಲಿ ದೂರು ಕೊಡಲು ಯಾರಿಗೂ ಧೈರ್ಯವಿಲ್ಲ. ಇಂಗ್ಲಿಷಿನಲ್ಲಿರುವ ಈ ವರದಿಯನ್ನು ಶಾಲೆಯ ಅಧ್ಯಾಪಕರೋ ಕಾಲೇಜಿಗೆ ಹೋಗುವ ಅಕ್ಕನೋ ಅರ್ಧ ಗಂಟೆಯಲ್ಲಿ ಓದಿ ಹೇಳಬಲ್ಲರು.

ಇನ್ನು ಸಂಬಳ. ‘ಸಿಟಿಸಿ’ ಎಂಬ ಮೂರಕ್ಷರದ ಮಾಯೆಯಲ್ಲಿ ಎಷ್ಟು ಮನೆಗಳು ಜಗಳವಾಡಿವೆಯೋ! ಅದು ಕಂಪನಿಗೆ ಆಗುವ ಒಟ್ಟು ಖರ್ಚು, ಕೈಗೆ ಬರುವ ಹಣವಲ್ಲ. ತಿಂಗಳಿಗೆ 20,000 ಎಂದು ಪತ್ರದಲ್ಲಿದೆ, ಅದರಲ್ಲಿ ಮೂಲ ವೇತನ 12,000 ಎಂದಿಟ್ಟುಕೊಳ್ಳೋಣ. ಕಂಪನಿ ಕಟ್ಟುವ ಪಿಎಫ್ ಪಾಲು 1,440, ಗ್ರ್ಯಾಚುಯಿಟಿಗೆಂದು 577, ಇಎಸ್‌ಐ ಪಾಲು ಸುಮಾರು 566, ಇವೆಲ್ಲ ಆ ಇಪ್ಪತ್ತು ಸಾವಿರದ ಒಳಗೇ ಸೇರಿರುತ್ತವೆ. ಉಳಿದ ಸುಮಾರು 17,417ರಲ್ಲಿ ನೌಕರನ ಪಾಲಿನ ಪಿಎಫ್ 1,440, ಇಎಸ್‌ಐ 131 ಕಳೆದರೆ ಕೈಗೆ ಬರುವುದು 15,850ರ ಆಸುಪಾಸು. ಇಲ್ಲಿ ಮೋಸವೇನೂ ಇಲ್ಲ; ಪಿಎಫ್ ಹಣ ಅವನದೇ ಆಗಿ ಉಳಿಯುತ್ತದೆ. ಆದರೆ ಹಾಸ್ಟೆಲು, ಊಟ, ಬಸ್ಸು, ಸಮವಸ್ತ್ರಗಳಿಗೆಂದು ಇನ್ನೂ ಹಿಡಿಯುತ್ತಾರೆಯೇ ಎಂಬುದನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳದಿದ್ದರೆ, ಮೊದಲ ತಿಂಗಳ ಕೊನೆಗೆ ಊರಿಗೆ ಬರುವ ಫೋನಿನ ದನಿ ಬೇರೆಯೇ ಇರುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕದ ಪತ್ರವನ್ನು ಕಡ್ಡಾಯಗೊಳಿಸಿವೆ. ಬಾಯಿಮಾತಿನ ನೇಮಕಕ್ಕೆ ಇನ್ನು ನೆಪವಿಲ್ಲ.

ಬಾಂಡಿನ ವಿಚಾರದಲ್ಲಿ ಎರಡು ಅತಿಗಳು ಕಾಣುತ್ತವೆ. ಬಾಂಡು ಬರೆದುಕೊಟ್ಟರೆ ಜೀತವೆಂದು ಕೆಲವರು ಹೆದರುತ್ತಾರೆ, ನ್ಯಾಯಾಲಯದಲ್ಲಿ ಅದು ನಿಲ್ಲುವುದೇ ಇಲ್ಲವೆಂದು ಕೆಲವರು ಉಡಾಫೆ ಮಾಡುತ್ತಾರೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟದ್ದಕ್ಕೆ ಎರಡು ಲಕ್ಷ ರೂಪಾಯಿ ತೆರಬೇಕಾದ ಷರತ್ತನ್ನು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಬಾಂಡಿನಲ್ಲಿ ಬರೆದ ಮೊತ್ತವೆಲ್ಲ ತಾನಾಗಿ ಸಲ್ಲುವುದಿಲ್ಲ. ನ್ಯಾಯಸಮ್ಮತ ಪರಿಹಾರವಷ್ಟೇ ಸಲ್ಲಬೇಕೆಂಬುದು ಕರಾರು ಕಾಯ್ದೆಯ ತತ್ತ್ವ. ಹತ್ತು ಸಾವಿರದ ಸಂಬಳಕ್ಕೆ ಮೂರು ಲಕ್ಷದ ಬಾಂಡು ಕೇಳುವ ಸಂಸ್ಥೆ, ಜನ ತಾವಾಗಿ ನಿಲ್ಲುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ಅಸಲು ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎಂದರೆ, ಕೆಲಸಕ್ಕೆ ಮುನ್ನ ಠೇವಣಿ ಕಟ್ಟಿ ಎಂದರೆ, ಅಲ್ಲಿಂದ ಎದ್ದು ಬರುವುದೇ ಲೇಸು. ಇದರಲ್ಲಿ ಎರಡು ಮಾತಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ಮಳೆ ಕೈಕೊಟ್ಟ ವರ್ಷ, ಮನೆಯಲ್ಲಿ ಸಾಲ, ತಂಗಿಯ ಓದು. ಇಂಥ ಹೊತ್ತಿನಲ್ಲಿ ಕಂಪನಿಯ ಮೌಲ್ಯವನ್ನು ತೂಗುತ್ತ ಕೂರುವ ಅನುಕೂಲ ಯಾರಿಗಿದೆ? ನಿಜ. ಒಂದೇ ಕರೆ ಬಂದಿದ್ದರೆ, ಅದು ಉತ್ತಮವಲ್ಲವೆಂದು ತಿಳಿದೂ ಹೋಗಬೇಕಾಗಬಹುದು. ಆದರೆ ತಿಳಿದು ಹೋದವನಿಗೂ ತಿಳಿಯದೆ ಹೋದವನಿಗೂ ಬಹಳ ಅಂತರವಿದೆ. ಆರು ತಿಂಗಳಿಗೆಂದು ಮನಸ್ಸಿನಲ್ಲಿ ಗಡುವು ಹಾಕಿಕೊಂಡು ಹೋದವನು ಮರಳಿ ಬಂದಾಗ ಸೋತು ಬಂದನೆಂದು ಊರು ಆಡಿಕೊಳ್ಳಲಾಗದು. ಮಗ ಕೆಲಸ ಬಿಟ್ಟ ಸುದ್ದಿಯನ್ನು ಅವಮಾನವೆಂದು ತಿಳಿಯುವ ಮನೆಯ ಮಗನೇ, ಸಂಬಳ ಬಾರದ ತಿಂಗಳುಗಳನ್ನು ಬಾಯಿಬಿಡದೆ ನುಂಗುತ್ತಾನೆ. ನರಸಾಪುರದಲ್ಲಿ ಸಿಟ್ಟು ಅಷ್ಟು ತಿಂಗಳು ಒಳಗೇ ಕುದಿಯಲು ಇದೂ ಒಂದು ಕಾರಣವಾಗಿದ್ದಿರಬಹುದು.

ಸೇರಿದ ಮೇಲೆ ಮೊದಲ ಮೂರು ತಿಂಗಳ ಸಂಬಳದ ಚೀಟಿಗಳನ್ನೂ ನೇಮಕದ ಪತ್ರದ ನಕಲನ್ನೂ ಮನೆಗೆ ಕಳುಹಿಸಿ ಇರಿಸುವುದು ಒಳ್ಳೆಯದು. ಫೋನು ಕಳೆದರೆ ಅದರೊಡನೆ ಸಾಕ್ಷ್ಯವೂ ಹೋಗುತ್ತದೆ. ಪ್ರತಿ ಪಾಳಿಯ ಬಂದ ಹೊತ್ತು, ಹೋದ ಹೊತ್ತನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಬೇಕು, ಕನ್ನಡದಲ್ಲಿಯೇ ಬರೆದರೂ ಅಡ್ಡಿಯಿಲ್ಲ. ಪಿಎಫ್ ಖಾತೆಯ ಸಂಖ್ಯೆ ಸಿಕ್ಕೊಡನೆ ಅದರ ಪಾಸ್‌ಬುಕ್ಕನ್ನು ತೆರೆದು, ಚೀಟಿಯಲ್ಲಿ ಹಿಡಿದ ಹಣ ಅಲ್ಲಿ ಸೇರಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಲೆಕ್ಕ ಹೊಂದದಿದ್ದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರ ಬಾರದಿದ್ದರೆ ಆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಬಹುದು. ಉಚಿತ ಕಾನೂನು ನೆರವಿಗೆ ದೇಶದ ಯಾವ ಮೂಲೆಯಿಂದಲಾದರೂ 15100ಕ್ಕೆ ಕರೆ ಮಾಡಬಹುದು.